7,480ರಿಂದ 16,439ಕ್ಕೆ: ಚಿಕ್ಕಪ್ಪನ ಕಾರಿನ ಇನ್ಶೂರೆನ್ಸ್ ಕಂಪನಿ ಬದಲಾಯಿಸಿದ ಪ್ರಕರಣ

ದೀಪಾವಳಿ ಮುಗಿದ ಮಾರನೇ ದಿನ, 2024ರ ನವೆಂಬರ್ 3, ಭಾನುವಾರ. ಹಾಸನದ ಚಿಕ್ಕಪ್ಪನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ತಿಂಡಿ ಆದ ಮೇಲೆ ಚಿಕ್ಕಪ್ಪ ಒಂದು ಕಾಗದ ತಂದು ನನ್ನ ಮುಂದಿಟ್ಟರು. ಕಾರಿನ ಇನ್ಶೂರೆನ್ಸ್ ರಿನ್ಯೂವಲ್ ನೋಟಿಸ್. ನವೆಂಬರ್ 13ರ ಮಧ್ಯರಾತ್ರಿಗೆ ಪಾಲಿಸಿ ಮುಗಿಯುತ್ತಿತ್ತು.

"ನೋಡಪ್ಪ, ಹೋದ ವರ್ಷ ಹದಿನಾಲ್ಕೂವರೆ ಸಾವಿರ ಕಟ್ಟಿದ್ದೆ. ಈ ವರ್ಷ 18,645 ಅಂತೆ. ಕಾರು ಹಳೇದಾಗ್ತಾ ಹೋದ ಹಾಗೆ ಕಡಿಮೆ ಆಗಬೇಕಲ್ವಾ? ಈ ಕಂಪನಿ ಸಹವಾಸವೇ ಬೇಡ. ಬೇರೆ ಕಡೆ ಮಾಡಿಸಿಬಿಡು."

ಚಿಕ್ಕಪ್ಪ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಾಗಿದ್ದವರು. ಲೆಕ್ಕ ತಪ್ಪಿದರೆ ಅವರಿಗೆ ನಿದ್ದೆ ಬರುವುದಿಲ್ಲ. ನಾನು ಆರು ವರ್ಷ ಗಾಡಿಗಳ ನಷ್ಟ ಅಂದಾಜು ಮಾಡುವ ಒಬ್ಬ ಇನ್ಶೂರೆನ್ಸ್ ಸರ್ವೇಯರ್ ಹತ್ತಿರ ಕೆಲಸ ಮಾಡಿದ್ದೆ. ಹಾಗಾಗಿ ನಮ್ಮ ಕಡೆಯವರ ಗಾಡಿಗಳ ಕಾಗದಪತ್ರವೆಲ್ಲ ನನ್ನ ಹತ್ತಿರವೇ ಬರುತ್ತದೆ.

ನಾನು ನೋಟಿಸ್ ಓದಿ ಮುಗಿಸುವ ಮೊದಲೇ ಚಿಕ್ಕಪ್ಪನ ಮಗ ಫೋನ್ ತೆಗೆದು ಕಾರಿನ ನಂಬರ್ ಹಾಕಿದ. ಅವನು ನನಗಿಂತ ಚಿಕ್ಕವನು, ಬೆಂಗಳೂರಿನಲ್ಲಿ ಕೆಲಸ. ಎರಡೇ ನಿಮಿಷಕ್ಕೆ ಕೂಗಿದ: "ಅಪ್ಪ, 7,480ಕ್ಕೆ ಸಿಗ್ತಿದೆ! ಇವರು ಎರಡು ಪಟ್ಟಿಗಿಂತ ಜಾಸ್ತಿ ತಗೊಳ್ತಿದಾರೆ."

ಕೊನೆಗೆ ನಾವು ಕಂಪನಿ ಬದಲಾಯಿಸಿದ್ದು ನಿಜ. ಆದರೆ ಕಟ್ಟಿದ್ದು 7,480 ಅಲ್ಲ, 16,439. ನಡುವಿನ ಒಂಬತ್ತು ಸಾವಿರ ಎಲ್ಲಿಂದ ಬಂತು ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ. ಯಾಕೆಂದರೆ ಇನ್ಶೂರೆನ್ಸ್ ಬದಲಾಯಿಸುವ ಹೆಚ್ಚಿನವರು ಫೋನಿನ ಮೊದಲ ಸ್ಕ್ರೀನ್ ನೋಡಿಯೇ ದುಡ್ಡು ಕಟ್ಟಿಬಿಡುತ್ತಾರೆ.

ಮೊದಲು ನೋಟಿಸ್ ಓದೋಣ

ಕಾರು 1197 ಸಿಸಿ ಪೆಟ್ರೋಲ್. 2019ರ ನವೆಂಬರ್‌ನಲ್ಲಿ ಹೊಸದಾಗಿ ತೆಗೆದುಕೊಂಡಿದ್ದು. ಆಗಿನ ಷೋರೂಂ ಬೆಲೆ 7,20,000. ಅಂದಿನಿಂದ ಷೋರೂಂನವರೇ ಪ್ರತಿ ವರ್ಷ ಫೋನ್ ಮಾಡಿ ಪಾಲಿಸಿ ಮಾಡಿಸುತ್ತಿದ್ದರು.

ನೋಟಿಸಿನಲ್ಲಿ ಇದ್ದದ್ದು ಇಷ್ಟು. ಐಡಿವಿ, ಅಂದರೆ ಕಾರು ಕಳುವಾದರೆ ಅಥವಾ ಪೂರ್ತಿ ಜಖಂ ಆದರೆ ಕಂಪನಿ ಲೆಕ್ಕ ಹಾಕುವ ಕಾರಿನ ಬೆಲೆ, 3,60,000. ಸ್ವಂತ ಕಾರಿನ ಡ್ಯಾಮೇಜ್‌ಗೆ 8,640. ಜೀರೋ ಡೆಪ್‌ಗೆ (ಬಿಡಿಭಾಗಗಳ ಬೆಲೆಯಲ್ಲಿ ಸವಕಳಿ ಕಳೆಯದೆ ಕೊಡುವ ರಕ್ಷಣೆ, ನಮ್ಮ ಕಡೆ ಇದನ್ನೇ ಬಂಪರ್ ಟು ಬಂಪರ್ ಅನ್ನುವುದು) 3,100. ದಾರಿಯಲ್ಲಿ ಕೆಟ್ಟು ನಿಂತರೆ ಬಂದು ನೋಡುವ ಸೇವೆಗೆ 250. ಥರ್ಡ್ ಪಾರ್ಟಿಗೆ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟದ ವಿಮೆಗೆ, 3,416. ಕಾರಿನ ಮಾಲೀಕರೇ ಓಡಿಸುವಾಗ ಅಪಘಾತವಾದರೆ ಸಿಗುವ 15 ಲಕ್ಷದ ವಿಮೆಗೆ 345. ಸಂಬಳದ ಡ್ರೈವರ್ ಇಟ್ಟುಕೊಂಡರೆ ಎಂದು 50. ಎಲ್ಲ ಸೇರಿ 15,801. ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 18,645.

ಇದರಲ್ಲಿ ಥರ್ಡ್ ಪಾರ್ಟಿಯ 3,416ರ ಬಗ್ಗೆ ಯಾರೊಂದಿಗೂ ಚೌಕಾಸಿ ಮಾಡಿ ಉಪಯೋಗವಿಲ್ಲ. ಆ ದರವನ್ನು ಸರ್ಕಾರವೇ ಗೊತ್ತು ಮಾಡುತ್ತದೆ. 2022ರ ಜೂನ್‌ನಿಂದ ಸಾವಿರ ಸಿಸಿ ಒಳಗಿನ ಕಾರಿಗೆ 2,094, ಸಾವಿರದಿಂದ ಒಂದೂವರೆ ಸಾವಿರ ಸಿಸಿವರೆಗೆ 3,416, ಅದಕ್ಕೂ ಮೇಲಿನದಕ್ಕೆ 7,897. ಯಾವ ಕಂಪನಿಗೆ ಹೋದರೂ ಇದೇ. ಕಂಪನಿಯಿಂದ ಕಂಪನಿಗೆ ಬೆಲೆ ಬೇರೆಯಾಗುವುದು ಸ್ವಂತ ಡ್ಯಾಮೇಜ್ ಭಾಗದಲ್ಲಿ ಮತ್ತು ಅದಕ್ಕೆ ಸೇರಿಸುವ ಆ್ಯಡ್-ಆನ್‌ಗಳಲ್ಲಿ. ಆ ಭಾಗದ ದರ ಕಟ್ಟುಪಾಡು 2007ರ ಜನವರಿಯಲ್ಲೇ ತೆಗೆದುಹಾಕಲಾಯಿತು. ಅಲ್ಲಿಂದ ಒಬ್ಬೊಬ್ಬರದು ಒಂದೊಂದು ರೇಟು.

ನನ್ನ ಕಣ್ಣು ನಿಂತಿದ್ದು ಇನ್ನೊಂದು ಸಾಲಿನ ಮೇಲೆ. "ನೋ ಕ್ಲೈಮ್ ಬೋನಸ್: 0%".

ಒಂದು ವರ್ಷ ಪೂರ್ತಿ ಕ್ಲೈಮ್ ಮಾಡದಿದ್ದರೆ ಸ್ವಂತ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ. 20 ರಿಯಾಯಿತಿ. ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಗೆ ನಿಂತಿತು. ನಡುವೆ ಒಂದೇ ಒಂದು ಕ್ಲೈಮ್ ಆದರೂ ಮತ್ತೆ ಸೊನ್ನೆಯಿಂದ ಶುರು. ಹೋದ ವರ್ಷದ ಪಾಲಿಸಿ ತೆಗೆದು ನೋಡಿದೆ. ಅಲ್ಲಿ ಶೇ. 45 ಇತ್ತು. ಈ ವರ್ಷ 50 ಆಗಬೇಕಿತ್ತು.

"ಚಿಕ್ಕಪ್ಪ, ಈ ವರ್ಷ ಏನಾದ್ರೂ ಕ್ಲೈಮ್ ಮಾಡಿದ್ರಾ?"

"ಇಲ್ಲಪ್ಪ. ಆಕ್ಸಿಡೆಂಟೇ ಆಗಿಲ್ವಲ್ಲ."

ಡ್ಯಾಶ್‌ಬೋರ್ಡಿನಲ್ಲಿದ್ದ ಬಿಲ್

ಕಾರಿನ ಡ್ಯಾಶ್‌ಬೋರ್ಡ್ ತೆಗೆದೆ. ಆರ್‌ಸಿ ಜೆರಾಕ್ಸ್, ಎಮಿಷನ್ ಚೀಟಿ, ಧರ್ಮಸ್ಥಳದ ಕುಂಕುಮದ ಪೊಟ್ಟಣ, ಅಂಚು ಮುದುರಿದ ಟೋಲ್ ರಸೀದಿಗಳು. ಅವುಗಳ ಅಡಿಯಲ್ಲಿ ನಾಲ್ಕು ಮಡಿಕೆ ಹಾಕಿದ ಒಂದು ಬಿಲ್. ಜುಲೈ ತಿಂಗಳದ್ದು. ಮುಂದಿನ ಬಂಪರ್, ಪೇಂಟಿಂಗ್, ಕೂಲಿ ಸೇರಿ 5,900. ಕೆಳಗೆ ಎರಡು ಸಾಲು: ಗ್ರಾಹಕರು ಕೊಡಬೇಕಾದದ್ದು 1,000, ಇನ್ಶೂರೆನ್ಸ್ ಕಂಪನಿ ಕೊಡಬೇಕಾದದ್ದು 4,900. ಪಕ್ಕದಲ್ಲಿ ಕ್ಲೈಮ್ ನಂಬರ್.

ಆಗ ಚಿಕ್ಕಪ್ಪನಿಗೆ ನೆನಪಾಯಿತು. ಮಳೆಗಾಲದಲ್ಲಿ ಮನೆ ಗೇಟಿನ ಕಂಬಕ್ಕೆ ಬಂಪರ್ ಉಜ್ಜಿತ್ತು. ಸರ್ವಿಸ್‌ಗೆ ಬಿಟ್ಟಾಗ ಅಲ್ಲಿನ ಹುಡುಗ, "ಸಾರ್, ನೀವು ಸಾವಿರ ಕೊಟ್ರೆ ಸಾಕು, ಮಿಕ್ಕಿದ್ದು ನಾವು ನೋಡ್ಕೊಳ್ತೀವಿ, ಇಲ್ಲೊಂದು ಸೈನ್ ಮಾಡಿ" ಅಂದಿದ್ದ. ಇವರು ಮಾಡಿದ್ದರು. ಗೇಟಿಗೆ ಉಜ್ಜಿದ್ದು ಇವರ ಮನಸ್ಸಿನಲ್ಲಿ ಆಕ್ಸಿಡೆಂಟ್ ಅಲ್ಲ. ಹಾಗಾಗಿ ಅದು ಕ್ಲೈಮೂ ಅಲ್ಲ. "ಬೋನಸ್ ಹೋಗುತ್ತೆ" ಅಂತ ಆ ಹುಡುಗ ಒಂದು ಮಾತು ಹೇಳಿರಲಿಲ್ಲ.

ನನಗೆ ಬೇಜಾರಾಗುವುದು ಇಲ್ಲೇ. ಸಹಿ ಮಾಡಿಸುವವರಿಗೆ ಆ ಒಂದು ಮಾತು ಹೇಳಲು ಅರ್ಧ ನಿಮಿಷ ಸಾಕು. ಹೇಳಿದ್ದರೆ ಚಿಕ್ಕಪ್ಪ ಖಂಡಿತ 5,900 ಕೈಯಿಂದಲೇ ಕೊಡುತ್ತಿದ್ದರು. ಯಾಕೆ ಅಂತ ಅವರೇ ನೋಟಿಸಿನ ಹಿಂದೆ ಪೆನ್ನಿನಲ್ಲಿ ಲೆಕ್ಕ ಹಾಕಿ ತೋರಿಸಿದರು.

8,640ರಲ್ಲಿ ಅರ್ಧ 4,320. ಅದರ ಜಿಎಸ್‌ಟಿ ಸೇರಿಸಿದರೆ 5,098. ಕಂಪನಿಯಿಂದ ಸಿಕ್ಕಿದ್ದು 4,900. ಮೊದಲ ವರ್ಷವೇ ಬಂದದ್ದಕ್ಕಿಂತ ಹೋದದ್ದು ಜಾಸ್ತಿ. ಅಷ್ಟಕ್ಕೇ ನಿಲ್ಲುವುದಿಲ್ಲ. ಕ್ಲೈಮ್ ಮಾಡದೆ ಇದ್ದಿದ್ದರೆ ಪ್ರತಿ ವರ್ಷ 50 ಸಿಗುತ್ತಿತ್ತು. ಈಗ ಸಿಗುವುದು 0, 20, 25, 35, 45. ಅಂದರೆ ಐದು ವರ್ಷದಲ್ಲಿ ಕಳೆದುಕೊಳ್ಳುವುದು 50, 30, 25, 15, 5. "ಒಟ್ಟು ನೂರಾ ಇಪ್ಪತ್ತೈದು ಪರ್ಸೆಂಟ್. ಒಂದೂಕಾಲು ವರ್ಷದ ಪ್ರೀಮಿಯಂ ಒಂದು ಬಂಪರ್‌ಗೆ ಹೋಯ್ತಲ್ಲೋ" ಅಂದರು. ಕಾರಿನ ಬೆಲೆ ವರ್ಷ ವರ್ಷ ಇಳಿಯುವುದರಿಂದ ರೂಪಾಯಿಯಲ್ಲಿ ಸ್ವಲ್ಪ ಕಡಿಮೆ ಬರುತ್ತದೆ. ಆದರೂ ಅವರ ಲೆಕ್ಕ ಸರಿ.

ಚಿಕ್ಕಪ್ಪನ ಸಿಟ್ಟಿಗೆ ಕಾರಣವಾದ ಹೆಚ್ಚಳ ಹಳೇ ಕಂಪನಿ ರೇಟು ಏರಿಸಿದ್ದರಿಂದ ಬಂದದ್ದಲ್ಲ, ಬೋನಸ್ ಹೋದದ್ದರಿಂದ ಬಂದದ್ದು. ಕಂಪನಿ ಬದಲಾಯಿಸಿದರೂ ಆ ಸೊನ್ನೆ ನಮ್ಮ ಹಿಂದೆಯೇ ಬರುತ್ತದೆ. ಬೋನಸ್ ಇರುವುದು ಮಾಲೀಕರ ಹೆಸರಿನ ಮೇಲೆ. ಶೇ. 50 ಇದ್ದರೂ ಅದು ನಮ್ಮ ಜೊತೆ ಹೊಸ ಕಂಪನಿಗೆ ಬರುತ್ತದೆ, 0 ಇದ್ದರೂ ಬರುತ್ತದೆ.

"ಯಾರು ನೋಡ್ತಾರೆ ಬಿಡಣ್ಣ"

ಹಾಗಾದರೆ ಆ 7,480 ಎಲ್ಲಿಂದ ಬಂತು? ತಮ್ಮನ ಫೋನ್ ಇಸಿದುಕೊಂಡು ನೋಡಿದೆ. "ಕಳೆದ ವರ್ಷ ಕ್ಲೈಮ್ ಮಾಡಿದ್ದೀರಾ?" ಅನ್ನುವ ಪ್ರಶ್ನೆಗೆ ಅವನು ಇಲ್ಲ ಅಂತ ಒತ್ತಿದ್ದ. ಅವನಿಗೂ ಗೊತ್ತಿರಲಿಲ್ಲ, ಅದು ಅವನ ತಪ್ಪಲ್ಲ. ಒತ್ತಿದ ಕೂಡಲೇ ಬೋನಸ್ ಶೇ. 50 ಅಂತ ಕೂತಿತ್ತು.

ಬಿಲ್ ತೋರಿಸಿದ ಮೇಲೂ ಅವನು, "ಬೇರೆ ಕಂಪನಿ ತಾನೇ, ಯಾರು ನೋಡ್ತಾರೆ ಬಿಡಣ್ಣ" ಅಂದ. ತುಂಬಾ ಜನ ಹೇಳುವ ಮಾತು ಇದು. ಹಾಗಾಗಿ ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ.

ನೋಡುತ್ತಾರೆ. ಬೋನಸ್ ಕೇಳುವಾಗ ನಾವು ಒಂದು ಘೋಷಣೆ ಕೊಡುತ್ತೇವೆ. ಫಾರ್ಮ್‌ನಲ್ಲಾದರೆ ಸಹಿ, ಫೋನಿನಲ್ಲಾದರೆ ಒಂದು ಟಿಕ್. ಹೇಳಿದ ಬೋನಸ್ ಸುಳ್ಳು ಅಂತ ಗೊತ್ತಾದರೆ ಪಾಲಿಸಿಯ ಸ್ವಂತ ಡ್ಯಾಮೇಜ್ ಭಾಗದ ಪ್ರಯೋಜನವೆಲ್ಲ ರದ್ದು ಅಂತ ಅದರಲ್ಲೇ ಬರೆದಿರುತ್ತದೆ. ಹೊಸ ಕಂಪನಿ 21 ದಿನದೊಳಗೆ ಹಳೇ ಕಂಪನಿಗೆ ಬರೆದು ಕೇಳಬೇಕು, ಹಳೆಯವರು 30 ದಿನದೊಳಗೆ ಉತ್ತರ ಕೊಡಬೇಕು ಅನ್ನುವ ನಿಯಮ ವಾಹನ ವಿಮೆಯ ದರ, ನಿಯಮಗಳ ಪಟ್ಟಿಯಾದ 2002ರ ಮೋಟಾರ್ ಟ್ಯಾರಿಫ್‌ನಿಂದ ಇದೆ. ಆಗ ಯಾರೂ ಕೇಳದೆ ಬಿಟ್ಟರೂ, ಕ್ಲೈಮ್ ಬಂದ ದಿನ ಕಡತ ತೆಗೆದು ನೋಡೇ ನೋಡುತ್ತಾರೆ.

ಸರ್ವೇಯರ್ ಹತ್ತಿರ ಇದ್ದಾಗ ಇಂಥ ಒಂದು ಕಡತ ನನ್ನ ಕೈಯಲ್ಲೇ ಹಾದುಹೋಗಿತ್ತು. ಕಾರು ರಾತ್ರಿ ಡಿವೈಡರ್‌ಗೆ ಹೊಡೆದು ಮುಂಭಾಗ ಪೂರ್ತಿ ಒಳಗೆ ಹೋಗಿತ್ತು. ರಿಪೇರಿ ಅಂದಾಜು ಲಕ್ಷ ದಾಟಿತ್ತು. ಕಾಗದವೆಲ್ಲ ಸರಿ, ಡ್ರೈವಿಂಗ್ ಲೈಸೆನ್ಸ್ ಸರಿ. ಬೋನಸ್ ಮಾತ್ರ ಸುಳ್ಳು. ಅದರಿಂದ ಉಳಿಸಿದ್ದು ಎರಡು ಸಾವಿರದ ಒಳಗೆ. ಪಾಲಿಸಿ ಮಾಡಿಸಿದ್ದು ಏಜೆಂಟ್, ಟಿಕ್ ಹಾಕಿದ್ದೂ ಅವನೇ, ಮಾಲೀಕರಿಗೆ ಗೊತ್ತೇ ಇರಲಿಲ್ಲ. ಅವರು ವಾರಗಟ್ಟಲೆ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ಹೊಸ ಪಾಲಿಸಿ ಬಂದಾಗ ಬೋನಸ್ ಸಾಲನ್ನು ನಾನು ಮೊದಲು ನೋಡುವುದು ಅವರ ಮುಖ ನೆನಪಾಗಿಯೇ.

ಇಷ್ಟು ಕೇಳಿದ ಮೇಲೆ ತಮ್ಮ ಸುಮ್ಮನಾದ. ಚಿಕ್ಕಪ್ಪನಂತೂ ಮೊದಲಿಂದಲೂ ಸುಳ್ಳು ಹೇಳಲು ಒಪ್ಪಿರಲಿಲ್ಲ.

ಒಂದೇ ತಕ್ಕಡಿಗೆ ಹಾಕಿದಾಗ

ಬೋನಸ್ ಒಂದೇ ಅಲ್ಲ. ಆ ಮೊದಲ ಸ್ಕ್ರೀನಿನಲ್ಲಿ ಕಾರಿನ ಬೆಲೆಯನ್ನೂ 3,05,000 ಅಂತ ಇಳಿಸಿದ್ದರು. ಜೀರೋ ಡೆಪ್ ಇರಲಿಲ್ಲ. ಮಾಲೀಕರ 15 ಲಕ್ಷದ ಅಪಘಾತ ವಿಮೆ ಇರಲಿಲ್ಲ. ಬೆಲೆ ಇಳಿಸಿದಷ್ಟೂ ಪ್ರೀಮಿಯಂ ಇಳಿಯುತ್ತದೆ, ಆದರೆ ಕಾರು ಕಳುವಾದರೆ ಕೈಗೆ ಬರುವ ದುಡ್ಡೂ ಐವತ್ತೈದು ಸಾವಿರ ಕಡಿಮೆ. ಐದು ವರ್ಷದವರೆಗೆ ಈ ಬೆಲೆಗೆ ಒಂದು ಪಟ್ಟಿ ಇದೆ, ನಾಲ್ಕು ದಾಟಿ ಐದರೊಳಗೆ ಇದ್ದರೆ ಶೇ. 50 ಸವಕಳಿ. 7,20,000ರ ಅರ್ಧ 3,60,000 ಬಂದದ್ದು ಹಾಗೆ. ಐದು ದಾಟಿದ ಮೇಲೆ ಕಂಪನಿಗೂ ಮಾಲೀಕರಿಗೂ ಒಪ್ಪಿಗೆಯಾದ ಬೆಲೆ. ಅದಕ್ಕೇ ಹಳೇ ಕಾರುಗಳಿಗೆ ಒಂದೊಂದು ಕಡೆ ಒಂದೊಂದು ಐಡಿವಿ ಕಾಣುತ್ತದೆ.

ಜೀರೋ ಡೆಪ್ ಬಿಡಬಹುದಾ ಅಂತಲೂ ಮಾತಾಯಿತು. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧ ನಮ್ಮದೇ. ಈಗಿನ ಕಾರುಗಳಲ್ಲಿ ಮುಂದೆ ಹಿಂದೆ ಎಲ್ಲ ಪ್ಲಾಸ್ಟಿಕ್ ತಾನೇ. ಇರಲಿ ಅಂದರು.

ಎಲ್ಲವನ್ನೂ ಹಳೇ ಪಾಲಿಸಿಗೆ ಸರಿಸಮ ಮಾಡಿ, ಬೋನಸ್ ಸೊನ್ನೆ ಹಾಕಿ ಮತ್ತೆ ಕೇಳಿದೆ. ಐಡಿವಿ ಅದೇ 3,60,000. ಸ್ವಂತ ಡ್ಯಾಮೇಜ್ 6,900, ಜೀರೋ ಡೆಪ್ 2,350, ದಾರಿಯ ಸೇವೆ 150, ಥರ್ಡ್ ಪಾರ್ಟಿ 3,416, ಅಪಘಾತ ವಿಮೆ 345, ಡ್ರೈವರ್ 50. ಇದರ ಜೊತೆ ಎಂಜಿನ್ ರಕ್ಷಣೆ ಅಂತ 720 ಕೊಟ್ಟು ಒಂದನ್ನು ಸೇರಿಸಿದೆವು. 13,931. ಜಿಎಸ್‌ಟಿ ಸೇರಿ 16,439.

ಅದೇ ಸಂಜೆ ಒಂದು ಯೋಚನೆ ಬಂತು. ಷೋರೂಂ ಮೂಲಕ ಬಂದ ನೋಟಿಸ್ ನೋಡಿ ಹಳೇ ಕಂಪನಿಯನ್ನು ಬಿಡುತ್ತಿದ್ದೇವೆ, ಅವರನ್ನು ನೇರವಾಗಿ ಒಂದು ಮಾತು ಕೇಳಿಲ್ಲ. ಮಾರನೇ ದಿನ ಅವರ ಶಾಖೆಗೆ ಫೋನ್ ಮಾಡಿದೆ. 8,640 ಇದ್ದದ್ದನ್ನು 7,900ಕ್ಕೆ ಇಳಿಸಿದರು. ಒಟ್ಟು 17,772. ಕೇಳಿದ್ದಕ್ಕೇ 873 ರೂಪಾಯಿ ಇಳಿಯಿತು. ಎಂಜಿನ್ ರಕ್ಷಣೆ ಕೊಡಿ ಅಂದರೆ, ಐದು ವರ್ಷ ಆದ ಕಾರಿಗೆ ನಮ್ಮಲ್ಲಿ ಇಲ್ಲ ಅಂದರು.

ಅಂದರೆ ನಿಜವಾದ ಉಳಿತಾಯ 1,333 ರೂಪಾಯಿ. ಬರೀ ಇಷ್ಟಕ್ಕೇ ಆಗಿದ್ದರೆ ಐದು ವರ್ಷದಿಂದ ಪರಿಚಯ ಇರುವ ಕಂಪನಿಯನ್ನು ಬಿಡಿ ಅಂತ ನಾನು ಹೇಳುತ್ತಿರಲಿಲ್ಲ. ಬದಲಾಯಿಸೋಣ ಅಂತ ನಿರ್ಧಾರ ಮಾಡಿಸಿದ್ದು ಆ 720 ರೂಪಾಯಿಯ ಎಂಜಿನ್ ರಕ್ಷಣೆ.

ತಮ್ಮನ ಮನೆ ಬೆಂಗಳೂರಿನ ಬೆಳ್ಳಂದೂರು ಕಡೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಆ ಭಾಗ ಕೆರೆಯಂತಾಗಿ, ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ತೇಲಿದ್ದನ್ನು ಎಲ್ಲರೂ ನೋಡಿದ್ದೇವೆ. ಚಿಕ್ಕಪ್ಪ ಚಿಕ್ಕಮ್ಮ ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗುತ್ತಾರೆ, ಕಾರು ನಿಲ್ಲುವುದು ಬೇಸ್‌ಮೆಂಟಿನಲ್ಲೇ. ನೆರೆ ಬಂದು ಆದ ನಷ್ಟ ಮಾಮೂಲಿ ಪಾಲಿಸಿಯಲ್ಲೂ ಬರುತ್ತದೆ. ಆದರೆ ಎಂಜಿನ್ ಒಳಗೆ ನೀರು ಹೋಗಿ, ಗೊತ್ತಿಲ್ಲದೆ ಸ್ಟಾರ್ಟ್ ಮಾಡಿ, ಒಳಗಿನ ಭಾಗ ಬಗ್ಗಿ ಮುರಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಪಿಸ್ಟನ್ನಿಗೆ ಗಾಳಿಯನ್ನು ಒತ್ತಲು ಆಗುತ್ತದೆ, ನೀರನ್ನು ಒತ್ತಲು ಆಗುವುದಿಲ್ಲ. ಆ ರಭಸಕ್ಕೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಆ ರಿಪೇರಿಗೇ ಬೇರೆ ರಕ್ಷಣೆ ಬೇಕು.

ಷೋರೂಂನವರ ಮಾತು, ಬ್ಯಾಂಕಿನ ಹೆಸರು

ವಿಷಯ ತಿಳಿದ ಷೋರೂಂನವರು ಫೋನ್ ಮಾಡಿ, ಹೊರಗೆ ಮಾಡಿಸಿದರೆ ನಮ್ಮಲ್ಲಿ ಕ್ಯಾಶ್‌ಲೆಸ್ ಸಿಗಲ್ಲ ಅಂದರು, ಅಂದರೆ ರಿಪೇರಿ ದುಡ್ಡನ್ನು ಕಂಪನಿಯೇ ನೇರವಾಗಿ ಗ್ಯಾರೇಜಿಗೆ ಕೊಡುವ ಸೌಲಭ್ಯ. ಕ್ಯಾಶ್‌ಲೆಸ್ ನಿಂತಿರುವುದು ಕಂಪನಿಗೂ ಗ್ಯಾರೇಜಿಗೂ ಇರುವ ಒಪ್ಪಂದದ ಮೇಲೆ. ಪಾಲಿಸಿ ಎಲ್ಲಿ ಕೊಂಡಿರಿ ಅನ್ನುವುದರ ಮೇಲಲ್ಲ. ಹೊಸ ಕಂಪನಿಯ ಗ್ಯಾರೇಜ್ ಪಟ್ಟಿ ತೆಗೆದು ನೋಡಿದರೆ ಅದೇ ಷೋರೂಂ ಹೆಸರು ಅಲ್ಲಿತ್ತು. ನಮ್ಮಲ್ಲೇ ಇನ್ಶೂರೆನ್ಸ್ ಮಾಡಿಸಿ ಅಂತ ಡೀಲರುಗಳು ಒತ್ತಾಯಿಸುವಂತಿಲ್ಲ ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲೇ ಹೇಳಿದೆ. ಹಳೇ ಕಂಪನಿಯಿಂದ ಒಪ್ಪಿಗೆ ಪತ್ರವೂ ಬೇಕಿಲ್ಲ. ಅವಧಿ ಮುಗಿದ ಪಾಲಿಸಿ ತಾನಾಗಿ ಮುಗಿಯುತ್ತದೆ.

ಹಳೇ ಪಾಲಿಸಿ ನೋಡುತ್ತಿದ್ದಾಗ ಇನ್ನೊಂದು ಸಿಕ್ಕಿತು. ಅದರಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಕಾರಿನ ಸಾಲವನ್ನು ಚಿಕ್ಕಪ್ಪ 2023ರಲ್ಲಿ ರಿಟೈರ್ ಆದಾಗಲೇ ತೀರಿಸಿದ್ದರು. ಸಾಲ ತೀರಿದೆ ಅಂತ ಬ್ಯಾಂಕ್ ಕೊಟ್ಟ ಎನ್‌ಒಸಿ ಬೀರುವಿನಲ್ಲೇ ಉಳಿದಿತ್ತು, ಆರ್‌ಸಿಯಲ್ಲಿ ಸಾಲ ಹಾಗೇ ಕಾಣುತ್ತಿತ್ತು. ಇದು ಸಣ್ಣ ವಿಷಯವಲ್ಲ. ಕಾರು ಕಳುವಾದರೆ ಪರಿಹಾರದ ದುಡ್ಡು ಮೊದಲು ಆ ಬ್ಯಾಂಕಿನ ಕಡೆ ತಿರುಗುತ್ತದೆ, ಆಮೇಲೆ ಓಡಾಟ ನಮ್ಮದು. ಸದ್ಯಕ್ಕೆ ಆರ್‌ಸಿಯಲ್ಲಿ ಇದ್ದ ಹಾಗೇ ಹೊಸ ಪಾಲಿಸಿಯಲ್ಲೂ ಬರೆಸಿದೆವು. ಎನ್‌ಒಸಿ ಹಳೇದಾಗಿತ್ತು, ಬ್ಯಾಂಕಿಗೆ ಹೋಗಿ ಹೊಸದು ತಂದು, ಆರ್‌ಸಿಯಿಂದ ಸಾಲ ತೆಗೆಸುವ ಫಾರಂ 35 ಜೊತೆ ಹಾಸನದ ಆರ್‌ಟಿಒ ಆಫೀಸಿಗೆ ಕೊಟ್ಟರು. ಡಿಸೆಂಬರ್‌ನಲ್ಲಿ ಆರ್‌ಸಿ ಸರಿಯಾಯಿತು. ಜನವರಿಯಲ್ಲಿ ಪಾಲಿಸಿಗೆ ಎಂಡಾರ್ಸ್‌ಮೆಂಟ್ ಹಾಕಿಸಿ ಬ್ಯಾಂಕಿನ ಹೆಸರು ತೆಗೆಸಿದೆವು.

ದಿನಾಂಕ

ದುಡ್ಡು ಕಟ್ಟಿದ್ದು ನವೆಂಬರ್ 8ಕ್ಕೆ. ಹೊಸ ಪಾಲಿಸಿ ಶುರುವಾಗುವುದು 14ರ ಸೊನ್ನೆ ಗಂಟೆಗೆ ಅಂತ ಬರೆದಿದೆಯಾ ಎಂದು ಎರಡು ಸಲ ನೋಡಿದೆ. ಕೊನೇ ದಿನದವರೆಗೆ ಕಾಯಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಪ್ರೀಮಿಯಂ ಕಂಪನಿಗೆ ಸೇರುವ ತನಕ ಹೊಣೆ ಶುರುವಾಗುವುದಿಲ್ಲ, 1938ರ ವಿಮಾ ಕಾಯ್ದೆಯೇ ಹಾಗೆ ಹೇಳುತ್ತದೆ. ಒಂದು ದಿನ ತಪ್ಪಿದರೂ ಕಾರಿನ ವಿಡಿಯೊ, ತಪಾಸಣೆ ಅಂತ ಶುರುವಾಗುತ್ತದೆ. 90 ದಿನ ದಾಟಿದರೆ ಇದ್ದ ಬೋನಸ್ಸೂ ಹೋಗುತ್ತದೆ. ಪೊಲೀಸರು ಹಿಡಿದರೆ ಮೊದಲ ಸಲ 2,000 ದಂಡ, ಮೂರು ತಿಂಗಳವರೆಗೆ ಜೈಲಿಗೂ ಕಾನೂನಿನಲ್ಲಿ ಅವಕಾಶ ಇದೆ. ಇವೆಲ್ಲಕ್ಕಿಂತ ನನಗೆ ಹೆದರಿಕೆ ಆ ಖಾಲಿ ದಿನದಲ್ಲಿ ಯಾರಿಗಾದರೂ ಕಾರು ತಾಗಿದರೆ ಅನ್ನುವುದು. ಆ ಪರಿಹಾರವನ್ನು ಮನೆ ಮಾರಿ ಕೊಡಬೇಕಾಗಬಹುದು.

ಪಾಲಿಸಿ ಮೇಲ್‌ನಲ್ಲಿ ಬಂದ ಮೇಲೆ ಆರ್‌ಸಿ ಪಕ್ಕದಲ್ಲಿಟ್ಟು ಹೆಸರಿನ ಅಕ್ಷರ, ಎಂಜಿನ್ ನಂಬರ್, ಚಾಸಿ ನಂಬರ್ ಒಂದೊಂದೇ ಓದಿದೆ. ಚಿಕ್ಕಪ್ಪ ಇನ್ನೊಂದು ಕಡೆಯಿಂದ "ಸರಿ, ಸರಿ" ಅನ್ನುತ್ತಾ ಹೋದರು. ಚಾಸಿ ನಂಬರಿನಲ್ಲಿ ಒಂದು ಅಂಕಿ ತಪ್ಪಿತ್ತು. ಅದೇ ದಿನ ಮೇಲ್ ಮಾಡಿ ಸರಿ ಮಾಡಿಸಿದೆವು.

ತಮ್ಮ ಅವನ ಕಾರಿನದ್ದೂ ಈಗಲೇ ಬದಲಾಯಿಸಲಾ ಅಂತ ಕೇಳಿದ. ಅವನ ಪಾಲಿಸಿ ಮುಗಿಯಲು ಇನ್ನೂ ಐದು ತಿಂಗಳಿತ್ತು. ನಡುವೆ ಬಿಟ್ಟರೆ ಉಳಿದ ದಿನಗಳ ದುಡ್ಡು ವಾಪಸ್ ಸಿಗಬಹುದು, ಆದರೆ ಬೋನಸ್ ಸಿಗುವುದು ವರ್ಷ ಪೂರ್ತಿಯಾದರೆ ಮಾತ್ರ. ಸುಮ್ನೆ ಇರು, ಏಪ್ರಿಲ್‌ಗೆ ನೋಡೋಣ ಅಂದೆ.

ಒಂದು ವರ್ಷ ಆದ ಮೇಲೆ

2025ರ ಮೇ ತಿಂಗಳಲ್ಲಿ ಹಾಸನದ ಬಿ.ಎಂ. ರಸ್ತೆಯಲ್ಲಿ ಸ್ಕೂಟರ್ ಒಂದು ಹಿಂದಿನಿಂದ ತಾಗಿ ಹಿಂಬದಿಯ ಬಂಪರ್ ಸೀಳಿತು. ಸರ್ವಿಸ್‌ಗೆ ಬಿಟ್ಟಾಗ ಅದೇ ಮಾತು: "ಸಾರ್, ಇನ್ಶೂರೆನ್ಸಲ್ಲಿ ಮಾಡ್ಬಿಡೋಣ, ಸಾವಿರ ಕೊಡಿ ಸಾಕು."

"ಮೊದಲು ಬಿಲ್ ಎಷ್ಟಾಗುತ್ತೆ ಹೇಳಪ್ಪ" ಅಂದರಂತೆ ಚಿಕ್ಕಪ್ಪ. 4,200 ಅಂದ. ಅಲ್ಲೇ ನಿಂತು ಲೆಕ್ಕ ಹಾಕಿ, ಬೇಡ ಅಂತ ಕಾರು ತೆಗೆದುಕೊಂಡು ಹೊರಟರು. ಊರಲ್ಲಿ ಟಿಂಕರಿಂಗ್ ಮಾಡುವವರೊಬ್ಬರು 2,800ಕ್ಕೆ ಬಂಪರ್ ಬೆಸೆದು, ಬಣ್ಣ ಹೊಡೆದು ಕೊಟ್ಟರು.

ಅದೇ ವರ್ಷದ ನವೆಂಬರ್‌ನಲ್ಲಿ ಹೊಸ ಕಂಪನಿಯ ರಿನ್ಯೂವಲ್ ನೋಟಿಸ್ ಬಂತು. ಚಿಕ್ಕಪ್ಪ ಅದರ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು. ಪ್ರೀಮಿಯಂ ಎಷ್ಟು ಅನ್ನುವುದು ಫೋಟೊದಲ್ಲಿ ಅರ್ಧ ಕತ್ತರಿಸಿ ಹೋಗಿತ್ತು. ನಡುವಿನ ಒಂದು ಸಾಲಿಗೆ ಮಾತ್ರ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ನೋ ಕ್ಲೈಮ್ ಬೋನಸ್: 20%.